ಹಳ್ಳಿಯ ಕಮ್ಮಾರ ತೀರಿಕೊಂಡರೆ ಕುಲುಮೆ ಯಾರಿಗೆ? ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಆಸ್ತಿ ಪಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕ್ಟೋರಿಯಾ ಕಾಲದ ಆಸ್ತಿ ಎಂದಕೂಡಲೇ ನಮಗೆ ನೆನಪಾಗುವುದು ಟಿವಿಯಲ್ಲಿ ಕಂಡ ದೊಡ್ಡ ಬಂಗಲೆ, ಅದನ್ನೆಲ್ಲ ಬಾಚಿಕೊಂಡ ಹಿರಿಯ ಮಗ, ಬರಿಗೈಯಲ್ಲಿ ನಿಂತ ತಮ್ಮಂದಿರು. ಅದು ಜಮೀನುದಾರರ ಮನೆಯ ಕಥೆ. ಕಮ್ಮಾರ, ಗಾಡಿ ಬಡಗಿ, ಹಿಟ್ಟಿನ ಗಿರಣಿಯವನು, ಬ್ರೆಡ್ ಸುಡುವವನು, ಕುದುರೆ ಜೀನು ಹೊಲಿಯುವವನು, ಇಂಥವರ ಮನೆಯಲ್ಲಿ ನಡೆದದ್ದೇ ಬೇರೆ. ಕೆಳಗಿನ ಪ್ರಶ್ನೆಗಳೆಲ್ಲ ಅವರ ಬಗ್ಗೆ. ಕಾಲ 1837ರಿಂದ 1901. ಜಾಗ ಇಂಗ್ಲೆಂಡ್ ಮತ್ತು ವೇಲ್ಸ್. ಸ್ಕಾಟ್ಲೆಂಡಿನ ಕಾನೂನು ಬೇರೆ, ಅದಕ್ಕೆ ಕೊನೆಯ ಕಡೆ ಒಂದು ಪ್ರಶ್ನೆ ಇದೆ.

ಹಿರಿಯ ಮಗನಿಗೇ ಎಲ್ಲ ಹೋಗುತ್ತಿತ್ತು ಅಲ್ವಾ?

ಇಲ್ಲ. ಉಯಿಲು ಬರೆಯದೆ ಸತ್ತರೆ ಮಾತ್ರ, ಅದೂ ಸ್ವಂತ ಜಮೀನು ಮತ್ತು ಕಟ್ಟಡ ಮಾತ್ರ, ಹಿರಿಯ ಮಗನಿಗೆ ಹೋಗುತ್ತಿತ್ತು. ಹಣ, ಸಾಮಾನು, ದನಕರು, ಬರಬೇಕಾದ ಬಾಕಿ ಇವೆಲ್ಲ ಹೆಂಡತಿ ಮತ್ತು ಎಲ್ಲ ಮಕ್ಕಳಿಗೆ ಪಾಲಾಗುತ್ತಿತ್ತು. ಉಯಿಲು ಬರೆದಿದ್ದರೆ ಅವನು ಹೇಳಿದ ಹಾಗೆ. ಕಸುಬಿನವರು ಬರೆದ ಉಯಿಲುಗಳನ್ನು ಓದಿದರೆ, ಮಕ್ಕಳಿಗೆಲ್ಲ ಸಮಪಾಲು ಎನ್ನುವುದೇ ಮತ್ತೆ ಮತ್ತೆ ಕಾಣುತ್ತದೆ. ಅವರಿಗೆ ಕಾಪಾಡಬೇಕಾದ ವಂಶದ ಹೆಸರು, ಬಂಗಲೆ ಏನೂ ಇರಲಿಲ್ಲ. ಐದು ಮಕ್ಕಳೂ ಊಟಕ್ಕೆ ದಾರಿ ಮಾಡಿಕೊಳ್ಳಬೇಕು, ಕುಲುಮೆಯೂ ಮುಚ್ಚಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟ.

ಹಳ್ಳಿಯ ಕಸುಬಿನವನ ಹತ್ತಿರ ಹಂಚಲು ಇದ್ದದ್ದಾದರೂ ಏನು?

ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ತಿದಿ, ಸುತ್ತಿಗೆ, ಇಕ್ಕಳ. ಗಾಡಿ ಬಡಗಿಯಾದರೆ ವರ್ಷಗಟ್ಟಲೆ ಒಣಗಲು ಇಟ್ಟ ಎಲ್ಮ್, ಓಕ್, ಆ್ಯಶ್ ಮರದ ದಿಮ್ಮಿಗಳು. ಕೆಲವರಿಗೆ ಅವರ ಅತಿ ದೊಡ್ಡ ಬಂಡವಾಳ ಆ ಮರವೇ. ಮನೆ ಹಿಂದೆ ತೋಟ, ಹಂದಿ, ಒಂದು ಹಸು. ಗರಿ ತುಂಬಿದ ಹಾಸಿಗೆ, ಎತ್ತರದ ಗಡಿಯಾರ, ಬೈಬಲ್. 1861ರ ನಂತರ ಪೋಸ್ಟ್ ಆಫೀಸ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಒಂದಿಷ್ಟು ಹಣ. ಆಡ್‌ಫೆಲೋಸ್, ಫಾರೆಸ್ಟರ್ಸ್ ಥರದ ಸಹಾಯ ಸಂಘದಿಂದ ಅಂತ್ಯಕ್ರಿಯೆಗೆ ಬರುವ ಹಣ.

ಇದರ ಜೊತೆ ಉದ್ರಿ. ರೈತರು ಲಾಳ ಹೊಡೆಸಿದ ಲೆಕ್ಕವನ್ನು ವರ್ಷಕ್ಕೊಂದು ಸಲ, ಕೊಯ್ಲಾದ ಮೇಲೋ ಕ್ರಿಸ್‌ಮಸ್ ಹೊತ್ತಿಗೋ ತೀರಿಸುವುದು ರೂಢಿ. ಜುಲೈನಲ್ಲಿ ಸತ್ತ ಕಮ್ಮಾರನ ಆಸ್ತಿಯಲ್ಲಿ ದೊಡ್ಡ ಭಾಗ ಬೇರೆಯವರ ಜೇಬಿನಲ್ಲೇ ಇರುತ್ತಿತ್ತು. ಲೆಕ್ಕದ ಪುಸ್ತಕ ನೆಟ್ಟಗಿಲ್ಲದಿದ್ದರೆ ಅದು ಬರುವ ಗ್ಯಾರಂಟಿಯೂ ಇಲ್ಲ.

ಉಯಿಲು ಇಲ್ಲದಿದ್ದರೆ ಲೆಕ್ಕ ಹೇಗೆ ನಡೆಯುತ್ತಿತ್ತು?

ಒಂದು ಕಲ್ಪನೆಯ ಮನೆ ಇಟ್ಟುಕೊಳ್ಳೋಣ. ಕಮ್ಮಾರ ಸತ್ತ. ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಸ್ವಂತ ಕುಲುಮೆ ಮತ್ತು ಮನೆ 250 ಪೌಂಡ್ ಬಾಳುತ್ತದೆ, ಅದರ ಮೇಲೆ ಅವನೇ ಮಾಡಿದ 100 ಪೌಂಡ್ ಅಡಮಾನ ಸಾಲ ಇದೆ. ಅಂತ್ಯಕ್ರಿಯೆ ಖರ್ಚು, ಸಣ್ಣಪುಟ್ಟ ಸಾಲ ಕಳೆದು ಚರಾಸ್ತಿ 240 ಪೌಂಡ್.

ಚರಾಸ್ತಿಗೆ 1670ರ ಹಂಚಿಕೆ ಕಾಯಿದೆ ಅನ್ವಯಿಸುತ್ತಿತ್ತು. ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಅಂದರೆ 80 ಪೌಂಡ್. ಉಳಿದ 160 ಐದು ಮಕ್ಕಳಿಗೆ ಸಮ, ತಲಾ 32. ಗಂಡು ಹೆಣ್ಣು ಭೇದ ಇಲ್ಲ. ಕುಲುಮೆ ಮತ್ತು ಮನೆ ಪೂರ್ತಿ ಹಿರಿಯ ಮಗನಿಗೆ. ಅವನಿಗೆ ಆ 32 ಪೌಂಡೂ ಸಿಗುತ್ತದೆ. ಗಂಡುಮಕ್ಕಳೇ ಇಲ್ಲದಿದ್ದರೆ ಮಾತ್ರ ಮನೆ ಹೆಣ್ಣುಮಕ್ಕಳೆಲ್ಲರಿಗೂ ಸಮವಾಗಿ.

ಅಡಮಾನದ 100 ಪೌಂಡ್ ಯಾರು ತೀರಿಸಬೇಕು? ಇಲ್ಲಿ 1854 ಮುಖ್ಯ ವರ್ಷ. ಆ ವರ್ಷ ಬಂದ ಕಾಯಿದೆಯನ್ನು ಅದನ್ನು ಮಂಡಿಸಿದ ಸಂಸದನ ಹೆಸರಿನಿಂದ ಲಾಕ್ ಕಿಂಗ್ ಕಾಯಿದೆ ಎನ್ನುತ್ತಾರೆ. ಆಮೇಲೆ ಸಾಲ ಮನೆಯ ಜೊತೆಗೇ ಹಿರಿಯನ ತಲೆಗೆ. ಅದಕ್ಕೂ ಮುಂಚೆ ಸಾಲವನ್ನು ಚರಾಸ್ತಿಯಿಂದ ತೀರಿಸಬೇಕಿತ್ತು! 240ರಲ್ಲಿ 100 ಹೋಯಿತು, ಉಳಿದದ್ದು 140. ಹೆಂಡತಿಗೆ 46 ಪೌಂಡ್ 13 ಶಿಲಿಂಗ್ 4 ಪೆನ್ಸ್. ಮಕ್ಕಳಿಗೆ ತಲಾ 18 ಪೌಂಡ್ 13 ಶಿಲಿಂಗ್ 4 ಪೆನ್ಸ್. ಹಿರಿಯನಿಗೆ ಸಾಲವಿಲ್ಲದ ಕುಲುಮೆ, ಅಮ್ಮ ಮತ್ತು ತಮ್ಮ ತಂಗಿಯರ ದುಡ್ಡಿನಲ್ಲಿ. ನನ್ನ ಪ್ರಕಾರ ಆ ಕಾಲದ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಹುಡುಕುವುದು ಕಷ್ಟ.

ಇನ್ನೊಂದು ವಿಚಿತ್ರ ನೋಡಿ. ಕುಲುಮೆ ಸ್ವಂತದ್ದಾಗಿರದೆ ದೀರ್ಘ ಗುತ್ತಿಗೆಯಲ್ಲಿ ಇದ್ದರೆ ಅದು ಚರಾಸ್ತಿ ಲೆಕ್ಕಕ್ಕೆ ಬರುತ್ತಿತ್ತು. ಎಲ್ಲರಿಗೂ ಪಾಲು. ಅದೇ ಗೋಡೆ, ಅದೇ ಚಾವಣಿ, ಆದರೆ ಪತ್ರದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಒಬ್ಬನ ಪಾಲೋ ಐವರ ಪಾಲೋ ಎಂದು ನಿರ್ಧಾರ.

ಬದುಕಿದ್ದಾಗಲೇ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರಾ?

ಉಯಿಲು ಇಲ್ಲದಿದ್ದರೆ, ಹೌದು. ಮಗಳ ಮದುವೆಗೆ ಕೊಟ್ಟ ಗಂಟು, ಮಗನಿಗೆ ಪಕ್ಕದ ಊರಲ್ಲಿ ಅಂಗಡಿ ಹಾಕಿಕೊಟ್ಟ ಬಂಡವಾಳ ಇವನ್ನು ಅವರವರ ಪಾಲಿನಲ್ಲಿ ಮುರಿದುಕೊಳ್ಳಬೇಕು. ಊಟ, ಬಟ್ಟೆ, ಶಾಲೆ ಖರ್ಚು ಲೆಕ್ಕಕ್ಕಿಲ್ಲ. ಹಿರಿಯನಿಗೆ ಬಂದ ಕುಲುಮೆಯನ್ನು ಮಾತ್ರ ಮುರಿದುಕೊಳ್ಳುವಂತಿಲ್ಲ ಎಂದು 1670ರ ಕಾಯಿದೆಯೇ ಹೇಳಿತ್ತು. ತಂಗಿಯ ಮದುವೆ ದುಡ್ಡು ಲೆಕ್ಕಕ್ಕಿದೆ, ಅಣ್ಣನ ಮನೆ ಲೆಕ್ಕಕ್ಕಿಲ್ಲ.

ನಮ್ಮ ಪಿತ್ರಾರ್ಜಿತದ ಹಾಗೆ ಮಕ್ಕಳಿಗೆ ಹುಟ್ಟಿನಿಂದ ಹಕ್ಕು ಇತ್ತಾ?

ಇರಲಿಲ್ಲ. ನಮ್ಮ ಕಡೆಯ ಮಿತಾಕ್ಷರ ಪದ್ಧತಿಯಲ್ಲಿ ಮಗ ಹುಟ್ಟುತ್ತಲೇ ಪಾಲುದಾರ, ಅಪ್ಪ ಬದುಕಿದ್ದಾಗಲೇ ಪಾಲು ಕೇಳಬಹುದು. ಇಂಗ್ಲೆಂಡಿನ ಕಮ್ಮಾರನ ಆಸ್ತಿ ಪೂರ್ತಿ ಅವನದೇ. ಮಾರಬಹುದು, ಕುಡಿದು ಹಾಳು ಮಾಡಬಹುದು, ಉಯಿಲಿನಲ್ಲಿ ಪಕ್ಕದ ಮನೆಯವನಿಗೆ ಕೊಟ್ಟುಬಿಡಬಹುದು. ಮಕ್ಕಳು ಕೋರ್ಟಿಗೆ ಹೋದರೂ, ಉಯಿಲು ಸಕ್ರಮವಾಗಿದ್ದರೆ, ಏನೂ ಸಿಗದು.

ಹಾಗಾದರೆ ಇಷ್ಟವಿಲ್ಲದ ಮಗನಿಗೆ ಒಂದು ಶಿಲಿಂಗ್ ಬರೆಯುತ್ತಿದ್ದುದು ಯಾಕೆ?

ಸುಮ್ನೆ. ಹಾಗೆ ಬರೆಯದಿದ್ದರೆ ಉಯಿಲು ಬಿದ್ದುಹೋಗುತ್ತದೆ ಎಂದು ಜನ ನಂಬಿದ್ದರು. ಕಾನೂನಿನಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಮಾತು ನೆನಪಿಡಿ: ಶಿಲಿಂಗ್ ಸಿಕ್ಕಿದವನೆಲ್ಲ ಅಪ್ಪನ ಸಿಟ್ಟಿಗೆ ಗುರಿಯಾದವನು ಎಂದೇನಿಲ್ಲ. ಎಷ್ಟೋ ಸಲ ಅವನು ಪಾಲನ್ನು ಮೊದಲೇ ತೆಗೆದುಕೊಂಡು ಬೇರೆ ಹೋಗಿದ್ದವನು.

ಉಯಿಲು ಬರೆಯಲು ವಕೀಲ ಬೇಕಿತ್ತಾ?

ಬೇಕಿರಲಿಲ್ಲ. ಪಾದ್ರಿ, ಶಾಲಾ ಮೇಷ್ಟ್ರು, ಚೆನ್ನಾಗಿ ಬರೆಯಬಲ್ಲ ನೆರೆಯವರು ಯಾರಾದರೂ ಬರೆದುಕೊಡಬಹುದಿತ್ತು. ನಿಯಮಗಳನ್ನು ಹೇಳಿದ್ದು 1837ರ ಉಯಿಲು ಕಾಯಿದೆ, ಜಾರಿಗೆ ಬಂದದ್ದು 1838ರ ಜನವರಿ 1ರಂದು. ಬರಹದಲ್ಲಿ ಇರಬೇಕು. ಬರೆಯುವವನಿಗೆ 21 ತುಂಬಿರಬೇಕು. ಕೊನೆಯಲ್ಲಿ ಸಹಿ ಇರಬೇಕು, ಓದು ಬಾರದವನು ಒಂದು ಗುರುತು ಹಾಕಿದರೂ ಸಾಕು. ಆ ಸಹಿಯನ್ನು ಇಬ್ಬರು ಸಾಕ್ಷಿಗಳು ಒಂದೇ ಹೊತ್ತಿನಲ್ಲಿ ಎದುರಿಗಿದ್ದು ನೋಡಬೇಕು, ಅವರೂ ಸಹಿ ಹಾಕಬೇಕು.

ಮನೆಯಲ್ಲೇ ಬರೆದ ಉಯಿಲುಗಳು ಎಡವುತ್ತಿದ್ದುದು ಸಾಕ್ಷಿಯ ವಿಷಯದಲ್ಲೇ. ಸಾಕ್ಷಿ ಹಾಕಿದವನಿಗೆ, ಅವನ ಹೆಂಡತಿಗೆ ಅಥವಾ ಸಾಕ್ಷಿ ಹೆಣ್ಣಾಗಿದ್ದರೆ ಅವಳ ಗಂಡನಿಗೆ ಆ ಉಯಿಲಿನಿಂದ ಏನೂ ಸಿಗುವುದಿಲ್ಲ. ಉಯಿಲು ಉಳಿಯುತ್ತದೆ, ಅವರ ಪಾಲು ಮಾತ್ರ ಹೋಗುತ್ತದೆ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ರಾತ್ರಿ ಹೊತ್ತು, ಹತ್ತಿರ ಇರುವವರು ಅಳಿಯ ಮತ್ತು ಒಬ್ಬ ನೆರೆಯವನು ಮಾತ್ರ. ಅವರಿಬ್ಬರ ಕೈಲೇ ಸಾಕ್ಷಿ ಹಾಕಿಸುತ್ತಾರೆ. ಮಗಳ ಪಾಲು ಅಲ್ಲಿಗೆ ಮುಗಿಯಿತು.

ಮದುವೆಯಾದರೆ ಹಳೇ ಉಯಿಲು ರದ್ದು. ಇದೂ ಅದೇ ಕಾಯಿದೆಯ ಮಾತು. ಹೆಂಡತಿ ಸತ್ತು ಎರಡನೇ ಮದುವೆಯಾದವನು ಹೊಸ ಉಯಿಲು ಬರೆಯಲು ಮರೆತರೆ, ಕಷ್ಟಪಟ್ಟು ಮಾಡಿದ ಸಮಪಾಲಿನ ಏರ್ಪಾಡೆಲ್ಲ ಹೋಗಿ ಮನೆ ಮತ್ತೆ ಹಿರಿಯ ಮಗನಿಗೆ.

ಸಾಮಾನ್ಯ ಉಯಿಲಿನಲ್ಲಿ ಏನೇನು ಇರುತ್ತಿತ್ತು?

ತುಂಬಾ ಕಾಣುವ ಮಾದರಿ ಇದು. ಎಲ್ಲ ಆಸ್ತಿ ಇಬ್ಬರು ಟ್ರಸ್ಟಿಗಳ ಕೈಗೆ. ಹೆಂಡತಿ ಬದುಕಿರುವವರೆಗೆ, ಅಥವಾ ಮರುಮದುವೆ ಆಗುವವರೆಗೆ, ಮನೆಯಲ್ಲಿ ಇದ್ದುಕೊಂಡು ಅದರ ಆದಾಯ ಅನುಭವಿಸಬೇಕು. ಆಮೇಲೆ ಎಲ್ಲವನ್ನೂ ಮಾರಿ ಮಕ್ಕಳು ಸಮವಾಗಿ ಹಂಚಿಕೊಳ್ಳಬೇಕು. ಮಗನೋ ಮಗಳೋ ಮೊದಲೇ ಸತ್ತಿದ್ದರೆ ಅವರ ಪಾಲು ಅವರ ಮಕ್ಕಳಿಗೆ. ಟ್ರಸ್ಟಿಗಳು ಸಾಮಾನ್ಯವಾಗಿ ಹೆಂಡತಿಯ ತಮ್ಮ, ಪಕ್ಕದ ರೈತ, ಒಮ್ಮೊಮ್ಮೆ ಗಿರಣಿಯವನು. ಗಡಿಯಾರ ಇಂಥವನಿಗೆ, ಹಾಸಿಗೆ ಇಂಥವಳಿಗೆ ಎಂದು ಹೆಸರು ಹಿಡಿದು ಬರೆದ ಸಾಲುಗಳೂ ಇರುತ್ತಿದ್ದವು.

ಐದು ಜನಕ್ಕೆ ಸಮಪಾಲು ಅಂದರೆ ಕುಲುಮೆಯನ್ನು ಹೇಗೆ ಹಂಚುವುದು?

ಇದೇ ನಿಜವಾದ ಪ್ರಶ್ನೆ. ಹತ್ತು ಎಕರೆ ಹೊಲವಾದರೆ ಬದು ಹಾಕಿ ತುಂಡು ಮಾಡಬಹುದು. ಅಡಿಗಲ್ಲನ್ನು ಐದು ಭಾಗ ಮಾಡಲು ಆಗುತ್ತದಾ? ಹಳ್ಳಿಯಲ್ಲಿ ಎರಡು ಕುಲುಮೆಗೆ ಸಾಲುವಷ್ಟು ಕುದುರೆಗಳೂ ಇರುತ್ತಿರಲಿಲ್ಲ. ಹಾಗಾಗಿ ಕಸುಬು ಒಬ್ಬನಿಗೆ, ಬೆಲೆ ಎಲ್ಲರಿಗೆ ಎನ್ನುವುದು ಅವರು ಕಂಡುಕೊಂಡ ದಾರಿ.

ಉಯಿಲಿನಲ್ಲಿ ಹೀಗೆ ಬರೆಯುತ್ತಿದ್ದರು: ಇಂಥ ಮಗನಿಗೆ ಇಷ್ಟವಿದ್ದರೆ ಕುಲುಮೆ, ಮನೆ, ಸಲಕರಣೆಗಳನ್ನು ಬೆಲೆ ಕಟ್ಟಿಸಿ ತೆಗೆದುಕೊಳ್ಳಲಿ, ಒಡಹುಟ್ಟಿದವರ ಪಾಲಿನ ಹಣ ಕೊಡಲಿ. ನಮ್ಮ ಕಲ್ಪನೆಯ ಮನೆಗೆ ಇದನ್ನು ಹಚ್ಚಿ ನೋಡಿ. ತಾಯಿಯ ಕಾಲವೂ ಮುಗಿದಿದೆ, ಮೊತ್ತ ಹಾಗೇ ಉಳಿದಿದೆ ಎಂದುಕೊಳ್ಳಿ. 250ರಲ್ಲಿ ಅಡಮಾನದ 100 ಕಳೆದು 150, ಜೊತೆಗೆ ಚರಾಸ್ತಿ 240. ಒಟ್ಟು 390. ತಲಾ 78 ಪೌಂಡ್. ಕುಲುಮೆ ತೆಗೆದುಕೊಂಡ ಮಗನಿಗೆ 150ರ ಆಸ್ತಿ ಬಂತು, ಅವನ ಪಾಲು 78, ಆದ್ದರಿಂದ 72 ಪೌಂಡ್ ಅವನೇ ಕೈಯಿಂದ ಕೊಡಬೇಕು. ಉಳಿದ ನಾಲ್ವರಿಗೆ ಚರಾಸ್ತಿಯಿಂದ ತಲಾ 60, ಅವನಿಂದ ತಲಾ 18.

72 ಪೌಂಡ್ ಎಂದರೆ ವಾರಕ್ಕೆ 14 ಶಿಲಿಂಗ್ ದುಡಿಯುವ ಹೊಲದ ಕೂಲಿಯ ಸುಮಾರು ಎರಡು ವರ್ಷದ ಸಂಬಳ. ಅಡಮಾನದ 100 ಬೇರೆ ಇದೆ. ಅದಕ್ಕೇ ಕಂತಿನಲ್ಲಿ ಕೊಡಲು ಅವಕಾಶ ಇರುತ್ತಿತ್ತು. ತಮ್ಮ ತಂಗಿಯರು ಅಣ್ಣನಿಗೇ ಸಾಲ ಕೊಟ್ಟವರಾಗಿ ಬಡ್ಡಿ ತೆಗೆದುಕೊಳ್ಳುವುದೂ ಉಂಟು. ಹೊರಗಿನಿಂದ ನೋಡಿದವರಿಗೆ ಅವನು ಅಪ್ಪನ ಕುಲುಮೆಯ ಯಜಮಾನ. ಒಳಗೆ ನೋಡಿದರೆ ಹತ್ತಾರು ವರ್ಷ ಒಡಹುಟ್ಟಿದವರ ಸಾಲ ತೀರಿಸುವವನು.

ಆ ಮಗ ಹಿರಿಯನೇ ಆಗಬೇಕಿರಲಿಲ್ಲ. ಅಪ್ಪನಿಗೆ ವಯಸ್ಸಾದಾಗ ತಿದಿ ಒತ್ತುತ್ತಾ ಮನೆಯಲ್ಲೇ ಇದ್ದವನು ಯಾರೋ ಅವನೇ. ಹಿರಿಯ ಅಷ್ಟರಲ್ಲಿ ರೈಲ್ವೆಗೋ ಊರಾಚೆಯ ಕಾರ್ಖಾನೆಗೋ ಹೋಗಿರುತ್ತಿದ್ದ.

ಇನ್ನೊಂದು ತೊಡಕು ಎಕ್ಸಿಕ್ಯೂಟರ್‌ನದು. ಅಂದರೆ ಉಯಿಲನ್ನು ಜಾರಿ ಮಾಡುವವನು. ಉಯಿಲಿನಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ ಅವನು ವ್ಯಾಪಾರವನ್ನು ಮುಂದುವರಿಸುವಂತಿಲ್ಲ. ಮುಚ್ಚಿ, ಲೆಕ್ಕ ಚುಕ್ತಾ ಮಾಡಲು ಬೇಕಾದಷ್ಟು ದಿನ ಮಾತ್ರ ನಡೆಸಬಹುದು. ಮುಂದುವರಿಸಿ ಕಬ್ಬಿಣ ಸಾಲ ತಂದರೆ ಆ ಸಾಲಕ್ಕೆ ಅವನೇ ಹೊಣೆ. ಹೀಗಾಗಿ ಕಿರಿಯ ಮಗ ದೊಡ್ಡವನಾಗುವವರೆಗೆ ಹೆಂಡತಿ ಕುಲುಮೆ ನಡೆಸಲಿ ಎಂದು ಬಯಸಿದವನು ಅದನ್ನು ಬರೆದೇ ಇಡಬೇಕಿತ್ತು. ಕೆಲವರು ಬರೆದಿಟ್ಟರು, ವಿಧವೆಯರು ಕೂಲಿಯಾಳು ಇಟ್ಟುಕೊಂಡು ನಡೆಸಿದರು. ಆ ಕಾಲದ ವ್ಯಾಪಾರಿಗಳ ಪಟ್ಟಿಗಳಲ್ಲಿ ಕಮ್ಮಾರ ಎಂದು ಹೆಂಗಸಿನ ಹೆಸರು ಕಂಡರೆ ಹೆಚ್ಚಾಗಿ ಇದೇ ಕಾರಣ.

ಜಗಳ ಬಿದ್ದು ಯಾರೂ ಒಪ್ಪದಿದ್ದರೆ? 1868ರ ವಿಭಾಗ ಕಾಯಿದೆ ಬಂದ ಮೇಲೆ, ತುಂಡು ಮಾಡಲಾಗದ ಜಂಟಿ ಆಸ್ತಿಯನ್ನು ಮಾರಿ ಹಣ ಹಂಚಿ ಎಂದು ಕೋರ್ಟ್ ಹೇಳಬಹುದಾಗಿತ್ತು. ಆದರೆ ಇಷ್ಟು ಸಣ್ಣ ಆಸ್ತಿಗೆ ಕೋರ್ಟ್ ಮೆಟ್ಟಿಲು ಹತ್ತಿದರೆ ಖರ್ಚೇ ಎಲ್ಲವನ್ನೂ ನುಂಗುತ್ತದೆ ಎಂದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಮದುವೆಯಾದ ಮಗಳ ಪಾಲು ಅವಳಿಗೇ ಸೇರುತ್ತಿತ್ತಾ?

ಬಹುಕಾಲ ಇಲ್ಲ. ಅವಳಿಗೆ ಬಂದ ಹಣ ಗಂಡನದಾಗುತ್ತಿತ್ತು. ಅಳಿಯ ಕುಡುಕನಾದರೆ ಮಾವ ಬೆವರು ಸುರಿಸಿ ಕೂಡಿಟ್ಟದ್ದು ಹೆಂಡದಂಗಡಿಗೆ. ಇದನ್ನು ತಪ್ಪಿಸಲು ಮಗಳ ಪಾಲನ್ನು ಟ್ರಸ್ಟಿಗಳ ಕೈಲಿಟ್ಟು, ಇದು ಅವಳೊಬ್ಬಳ ಸ್ವಂತ ಉಪಯೋಗಕ್ಕೆ, ಗಂಡನ ಸಾಲಕ್ಕೂ ಅಧಿಕಾರಕ್ಕೂ ಒಳಪಡದು ಎಂದು ಬರೆಯುತ್ತಿದ್ದರು. ಆ ಸಾಲು ಕಂಡಕೂಡಲೇ ಅಳಿಯನನ್ನು ಕೆಟ್ಟವನೆಂದು ತೀರ್ಮಾನಿಸಬೇಡಿ, ಬುದ್ಧಿವಂತ ಅಪ್ಪಂದಿರು ಎಲ್ಲ ಹೆಣ್ಣುಮಕ್ಕಳಿಗೂ ಹಾಗೇ ಬರೆದರು.

1870ರ ಕಾಯಿದೆ ಸ್ವಲ್ಪ ಬಾಗಿಲು ತೆರೆಯಿತು. ಆಮೇಲೆ ಮದುವೆಯಾದವಳಿಗೆ ಉಯಿಲಿನಿಂದ ಬಂದ 200 ಪೌಂಡ್‌ವರೆಗಿನ ಹಣ ಅವಳದೇ. ಹಳ್ಳಿಯ ಕಸುಬಿನವರ ಮಗಳಿಗೆ ಅಷ್ಟೇ ಸಾಕಾಗುತ್ತಿತ್ತು. 1882ರ ಕಾಯಿದೆ, 1883ರ ಜನವರಿಯಿಂದ, ಪೂರ್ತಿ ಹಕ್ಕು ಕೊಟ್ಟಿತು.

ಹೆಂಡತಿಗೆ ಮರುಮದುವೆಯ ಷರತ್ತು ಯಾಕೆ?

ಆಸ್ತಿ ಮುಂದಿನ ಗಂಡನ ಕೈಗೆ ಹೋಗಿ ತನ್ನ ಮಕ್ಕಳು ಬೀದಿಗೆ ಬೀಳಬಾರದು ಎಂದು. ಹೆಂಡತಿಯ ಆಸ್ತಿ ಗಂಡನದು ಎಂಬ ಕಾನೂನು ಇರುವಾಗ ಆ ಭಯ ಸುಳ್ಳಲ್ಲ. ಆದರೂ ಮೂವತ್ತರ ವಿಧವೆಗೆ ಅದು ಕಠಿಣ ಷರತ್ತೇ. ಉಯಿಲು ಇಲ್ಲದಿದ್ದರೆ ಸ್ಥಿರಾಸ್ತಿಯ ಮೂರನೇ ಒಂದರ ಆದಾಯ ಅವಳಿಗೆ ಬದುಕಿರುವವರೆಗೆ ಸಿಗಬಹುದಿತ್ತು. ಆದರೆ 1833ರ ಕಾಯಿದೆ ಬಂದ ಮೇಲೆ ಅದನ್ನು ಗಂಡ ಪತ್ರದಲ್ಲಿ ಒಂದು ಸಾಲು ಬರೆಸಿ ತಪ್ಪಿಸಬಹುದಿತ್ತು.

ಹೆಂಡತಿಯ ತಂಗಿಯನ್ನು ಮದುವೆಯಾಗಿದ್ದರೆ?

ನಮ್ಮಲ್ಲಿ ಇದು ಮಾಮೂಲು. ಅಲ್ಲಿ 1835ರ ಆಗಸ್ಟ್ 31ರ ನಂತರ ಆದ ಅಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಅದು ಬದಲಾದದ್ದು 1907ರಲ್ಲಿ. ಹೆಂಡತಿ ಸತ್ತಾಗ ಮಕ್ಕಳನ್ನು ನೋಡಿಕೊಳ್ಳಲು ಬಂದ ನಾದಿನಿಯನ್ನೇ ಕಟ್ಟಿಕೊಂಡವರು ಬಡವರಲ್ಲಿ, ಕಸುಬಿನವರಲ್ಲಿ ಇದ್ದರು. ಉಯಿಲು ಇಲ್ಲದೆ ಸತ್ತರೆ ಅವಳಿಗೂ ಅವಳ ಮಕ್ಕಳಿಗೂ ಒಂದು ಪೆನ್ನಿಯೂ ಇಲ್ಲ. ಮೊದಲ ಹೆಂಡತಿಯ ಮಕ್ಕಳಿಗೇ ಎಲ್ಲ.

ಮದುವೆಯಾಚೆ ಹುಟ್ಟಿದ ಮಕ್ಕಳು, ಸಾಕುಮಕ್ಕಳು?

ಹೆಸರು ಹಿಡಿದು ಉಯಿಲಿನಲ್ಲಿ ಬರೆದರೆ ಸಿಗುತ್ತಿತ್ತು. ನನ್ನ ಮಕ್ಕಳಿಗೆ ಎಂದಷ್ಟೇ ಬರೆದರೆ ಕೋರ್ಟು ಸಾಮಾನ್ಯವಾಗಿ ಅವರನ್ನು ಸೇರಿಸುತ್ತಿರಲಿಲ್ಲ. ದತ್ತು ಎನ್ನುವುದಕ್ಕೆ ಇಂಗ್ಲೆಂಡಿನಲ್ಲಿ 1926ರವರೆಗೆ ಕಾನೂನೇ ಇರಲಿಲ್ಲ.

ಕಿರಿಯ ಮಗನಿಗೆ ಮನೆ ಹೋಗುತ್ತಿದ್ದ ಊರುಗಳಿದ್ದವಂತೆ, ನಿಜವಾ?

ನಿಜ. ಎಷ್ಟೋ ಹಳ್ಳಿಗಳಲ್ಲಿ ಮನೆ, ತೋಟ ಮ್ಯಾನರ್ ಎಂಬ ಹಳೇ ಜಹಗೀರಿನ ಒಡೆಯನ ದಫ್ತರದಲ್ಲಿ ದಾಖಲಾದ ಕಾಪಿಹೋಲ್ಡ್ ಹಿಡುವಳಿ. ಅದಕ್ಕೆ ಆಯಾ ಮ್ಯಾನರಿನ ಪದ್ಧತಿಯೇ ಕಾನೂನು. ಸಸೆಕ್ಸ್, ಸರ್ರೆ ಕಡೆ ಕೆಲವು ಮ್ಯಾನರ್‌ಗಳಲ್ಲಿ ಉಯಿಲು ಇಲ್ಲದಿದ್ದರೆ ಕಿರಿಯ ಮಗನೇ ವಾರಸುದಾರ. ಕೆಂಟ್‌ನಲ್ಲಿ ಗವೆಲ್‌ಕೈಂಡ್ ಎಂಬ ಪದ್ಧತಿ, ಗಂಡುಮಕ್ಕಳೆಲ್ಲರಿಗೂ ಸಮ. ಒಡೆಯನಿಗೂ ಕೊಡಬೇಕಾದದ್ದು ಇರುತ್ತಿತ್ತು: ಹೊಸಬನ ಹೆಸರು ಬರೆಸಲು ಶುಲ್ಕ, ಕೆಲವು ಕಡೆ ಸತ್ತವನ ಒಳ್ಳೆಯ ದನ ಅಥವಾ ಅದರ ಬದಲು ಹಣ. ಈ ಪದ್ಧತಿಗಳೆಲ್ಲ, ಹಿರಿಯ ಮಗನ ಹಕ್ಕೂ ಸೇರಿ, ಹೋದದ್ದು 1926ರ ಜನವರಿ 1ರಂದು.

ಆಸ್ಟ್ರೇಲಿಯಾಕ್ಕೆ ಹೋದ ಮಗ ಪತ್ರವೇ ಹಾಕದಿದ್ದರೆ?

ಅವನ ಪಾಲು ತೆಗೆದಿಡಬೇಕು. ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತನೆಂದು ಕೋರ್ಟು ಭಾವಿಸಬಹುದಿತ್ತು.

ತೆರಿಗೆ ಎಷ್ಟು ಹೋಗುತ್ತಿತ್ತು?

ಮಕ್ಕಳಿಗೆ ಹೆಚ್ಚೇನೂ ಇಲ್ಲ. ಉಯಿಲಿನಿಂದ ಬಂದದ್ದಕ್ಕೆ ಮಕ್ಕಳು ನೂರಕ್ಕೆ 1, ಒಡಹುಟ್ಟಿದವರು 3, ಸಂಬಂಧವಿಲ್ಲದವರು 10 ಕೊಡಬೇಕಿತ್ತು. ಹೆಂಡತಿಗೆ ಇಲ್ಲ. 1881ರಲ್ಲಿ ಸಣ್ಣವರಿಗೆ ಒಳ್ಳೆಯ ಅನುಕೂಲವಾಯಿತು. 300 ಪೌಂಡ್ ಮೀರದ ಆಸ್ತಿಗೆ 30 ಶಿಲಿಂಗ್ ಕಟ್ಟಿದರೆ ಮುಗಿಯಿತು. 1894ರಲ್ಲಿ ಎಸ್ಟೇಟ್ ಡ್ಯೂಟಿ ಬಂದಾಗಲೂ 100 ಪೌಂಡ್‌ವರೆಗೆ ತೆರಿಗೆ ಇರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಏನು ಬೇರೆ?

ಅಲ್ಲಿ ಅಪ್ಪ ಮಕ್ಕಳನ್ನು ಪೂರ್ತಿ ಕೈಬಿಡುವಂತಿಲ್ಲ. ಚರಾಸ್ತಿಯಲ್ಲಿ ಮೂರನೇ ಒಂದು ಹೆಂಡತಿಗೆ, ಮೂರನೇ ಒಂದು ಮಕ್ಕಳಿಗೆ ಕಡ್ಡಾಯ. ಉಳಿದ ಮೂರನೇ ಒಂದಕ್ಕೆ ಮಾತ್ರ ಅವನ ಮಾತು ನಡೆಯುತ್ತಿತ್ತು. ಹೆಂಡತಿ ಇಲ್ಲದಿದ್ದರೆ ಮಕ್ಕಳದು ಅರ್ಧ. ಜಮೀನು ಮಾತ್ರ ಅಲ್ಲೂ ಹಿರಿಯನಿಗೇ.

ಈ ಕಾನೂನು ಭಾರತಕ್ಕೆ ಬಂತಾ?

ಬಂತು, ಆದರೆ ಹಿರಿಯ ಮಗನನ್ನು ಹಡಗು ಹತ್ತಿಸಲಿಲ್ಲ. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಇಂಗ್ಲಿಷ್ ಮಾದರಿಯದು. ಹಿಂದೂಗಳಿಗೆ, ಮುಸಲ್ಮಾನರಿಗೆ ಅನ್ವಯಿಸುತ್ತಿರಲಿಲ್ಲ, ಮುಖ್ಯವಾಗಿ ಯುರೋಪಿನವರಿಗೆ ಮತ್ತು ಕ್ರೈಸ್ತರಿಗೆ. ಅದರಲ್ಲಿ ಜಮೀನು, ಹಣ ಎಂಬ ಭೇದವೇ ಇಲ್ಲ. ವಿಧವೆಗೆ ಮೂರನೇ ಒಂದು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮ. ಕೊಡಗಿನ ದೇಶೀ ಕ್ರೈಸ್ತರಿಗೆ 1868ರಲ್ಲಿ ಇದರಿಂದ ವಿನಾಯ್ತಿ ಸಿಕ್ಕಿತು. ಉಯಿಲು ಬರೆಯದೆ ಮದ್ರಾಸಿನಲ್ಲಿ ಮನೆ ಬಿಟ್ಟು ಸತ್ತ ಇಂಗ್ಲಿಷ್ ಬಡಗಿಯ ಮಗಳಿಗೆ ಅದರಲ್ಲಿ ಪಾಲಿತ್ತು. ಅದೇ ಮನೆ ಸಫೋಕ್‌ನಲ್ಲಿ ಇದ್ದಿದ್ದರೆ, ಒಬ್ಬ ಅಣ್ಣನಿದ್ದರೂ ಸಾಕು, ಅವಳಿಗೆ ಅದರಲ್ಲಿ ಏನೂ ಇಲ್ಲ.

ಈ ಉಯಿಲುಗಳನ್ನು ಇಂದು ಓದಬಹುದಾ? ಅದರಲ್ಲಿನ ಮೊತ್ತ ನಂಬಬಹುದಾ?

ಓದಬಹುದು. 1858ರ ಜನವರಿ 12ರವರೆಗೆ ಉಯಿಲು ದೃಢಪಡಿಸುತ್ತಿದ್ದುದು ಚರ್ಚಿನ ನ್ಯಾಯಾಲಯಗಳು. ಕ್ಯಾಂಟರ್ಬರಿ ನ್ಯಾಯಾಲಯದವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಬೇರೆಯವು ಹೆಚ್ಚಾಗಿ ಜಿಲ್ಲಾ ದಾಖಲೆ ಕಚೇರಿಗಳಲ್ಲಿ. ಆ ದಿನದಿಂದಾಚೆಗೆ ಸರ್ಕಾರವೇ ನೋಡಿಕೊಂಡಿತು. ವರ್ಷವಾರು ಸೂಚಿಯನ್ನು ಆನ್‌ಲೈನ್‌ನಲ್ಲಿ ಹುಡುಕಿ ಪ್ರತಿ ತರಿಸಬಹುದು.

ಮೊತ್ತದ ವಿಷಯದಲ್ಲಿ ಹುಷಾರು. ಮೊದಮೊದಲ ಸೂಚಿಗಳಲ್ಲಿ 200 ಪೌಂಡ್ ಒಳಗೆ ಎಂಬಂತೆ ಅಂದಾಜು ಮಾತ್ರ ಇರುತ್ತದೆ. 1898ಕ್ಕಿಂತ ಮುಂಚಿನ ಮೊತ್ತದಲ್ಲಿ ಸ್ವಂತ ಮನೆ, ಜಮೀನು ಸೇರಿಲ್ಲ. 100 ಪೌಂಡ್ ಒಳಗೆ ಎಂದು ಕಂಡ ಗಾಡಿ ಬಡಗಿಗೆ ಮೂರು ಮನೆಗಳೂ ಇದ್ದಿರಬಹುದು. ಆದ್ದರಿಂದ ಸೂಚಿ ನೋಡಿ ಬಡವ ಎಂದು ಬರೆದುಕೊಳ್ಳುವ ಮುಂಚೆ ಉಯಿಲನ್ನೇ ತರಿಸಿ ಓದಿ.